ಪ್ಲೇಟೋ ಅಂದು ಅಲ್ಲಿರಲಿಲ್ಲ

ಕ್ರಿ.ಪೂ. 399ರಲ್ಲಿ, ಅಥೆನ್ಸಿನ ಸೆರೆಮನೆಯಲ್ಲಿ ವಿಷಪಾನದ ದಿನ, ಸಾಕ್ರೆಟೀಸನು ಆತ್ಮದ ಅಮರತ್ವವನ್ನು ಕುರಿತು ಮಿತ್ರರೊಡನೆ ಚರ್ಚಿಸಿದನು. ಲೈರ್ ಎಂಬ ತಂತಿವಾದ್ಯ ಮುರಿದರೆ ಅದರ ನಾದವೂ ಅಳಿಯುವಂತೆ ದೇಹದೊಡನೆ ಆತ್ಮವೂ ಅಳಿಯದೆ ಎಂದು ಥೀಬ್ಸಿನ ಸಿಮ್ಮಿಯಾಸನು ಶಂಕಿಸಿದನು. ಕಲಿಕೆಯೆಂಬುದು ಹುಟ್ಟಿಗೆ ಮುನ್ನ ಅರಿತುದರ ಸ್ಮರಣೆ. ಆದುದರಿಂದ ಆತ್ಮವು ದೇಹಕ್ಕಿಂತ ಮೊದಲಿನದು, ವಾದ್ಯಕ್ಕೆ ಮುಂಚೆ ನಾದವುಂಟೆ ಎಂಬುದು ಸಾಕ್ರೆಟೀಸನ ಮರುಪ್ರಶ್ನೆ. ಬಿ.ಎ. ತರಗತಿಯಲ್ಲಿ ಈ ಉತ್ತರ ನನಗೆ ಸಾಕಾಗಿತ್ತು. ಈಗ ಸಿಮ್ಮಿಯಾಸನ ಶಂಕೆಯೇ ಬಲವಾಗಿ ಕಾಣುತ್ತದೆ.

ಇದನ್ನೆಲ್ಲ 'ಫೀಡೋ' ಸಂವಾದದಲ್ಲಿ ಬರೆದಿಟ್ಟ ಪ್ಲೇಟೋ ಅಂದು ಅಲ್ಲಿರಲಿಲ್ಲ. ಅಸ್ವಸ್ಥನಾಗಿದ್ದನೆಂದು ಪಾತ್ರವೊಂದರ ಬಾಯಿಂದ ಹೇಳಿಸಿ ಮುಂದೆ ಸಾಗುತ್ತಾನೆ. ಕಡಲಾಚೆಯ ತಾಯಿಯ ಕೊನೆಯ ಮಾತುಗಳನ್ನು ತಂಗಿಯಿಂದ ದೂರವಾಣಿಯಲ್ಲಿ ಕೇಳಿ ತಿಳಿದ ನಾನು ಮಾತ್ರ ಪ್ರತಿಸಲವೂ ಆ ಸಾಲಿನಲ್ಲಿಯೇ ನಿಲ್ಲುತ್ತೇನೆ.