ದಾಸೋಹದ ಮನೆಯಿಂದ ಶಾಲೆ

ಹರೆಯಕ್ಕೆ ಬಂದ ಮಕ್ಕಳಿಗೆ ಊರು ಏನು ಮಾಡಬಹುದು? ನಮ್ಮ ನಿಂಬರ್ಗಾದಲ್ಲಿ ಈ ಮಾತು ಬಂದಾಗಲೆಲ್ಲ ನಾನು 1934ರ ಕಲಬುರಗಿಯ ಕಥೆ ಹೇಳುತ್ತೇನೆ.

ಆಗ ನಮ್ಮ ಭಾಗದಲ್ಲಿ ನಿಜಾಮರ ಆಡಳಿತ. ಕಚೇರಿಯಲ್ಲಿ ಉರ್ದು. ಕನ್ನಡದ ಓದೇ ಕಷ್ಟ, ಹೆಣ್ಣುಮಕ್ಕಳ ಓದಂತೂ ದೂರದ ಮಾತು. ಅಂಥ ಹೊತ್ತಲ್ಲಿ ಶರಣಬಸವೇಶ್ವರ ಸಂಸ್ಥಾನದ ದೊಡ್ಡಪ್ಪ ಅಪ್ಪ ಅವರು ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದರು. ಹಸಿದು ಬಂದವರಿಗೆ ಉಣಬಡಿಸುತ್ತಿದ್ದ ದಾಸೋಹದ ಮನೆ ಅಕ್ಷರವನ್ನೂ ಬಡಿಸಿತು. ನಿಜಾಮರ ಆಡಳಿತ ಮುಗಿದದ್ದು 1948ರಲ್ಲಿ. ಅಲ್ಲಿಯವರೆಗೆ ಕಾಯುತ್ತ ಕೂತಿದ್ದರೆ ಒಂದು ತಲೆಮಾರಿನ ಹುಡುಗಿಯರ ಹರೆಯವೇ ಕಳೆದುಹೋಗುತ್ತಿತ್ತು!

ಇವತ್ತಿನ ತೊಡಕು ಬೇರೆ. ಹದಿನೆಂಟು ತುಂಬುವ ಮೊದಲೇ ಮದುವೆ ಮಾತು; ಅಪ್ಪ-ಅವ್ವ ಗುಳೆ ಹೊರಟರೆ ಅರ್ಧಕ್ಕೇ ನಿಲ್ಲುವ ಓದು. ಅಂಥ ಮಕ್ಕಳನ್ನು ಪರೀಕ್ಷೆ ಮುಗಿಯುವ ತನಕ ಇಟ್ಟುಕೊಳ್ಳುವ ನಾಲ್ಕು ಮನೆ ಊರಲ್ಲಿದ್ದರೂ ಸಾಕು... ಅದೂ ದಾಸೋಹವೇ ಅಲ್ಲವೇ?