ಕೊಯೊಟಿಯೂ ಬೋನಿನ ಸಾಲೂ

ಉತ್ತರ ಅಮೆರಿಕದಲ್ಲಿ ತೋಳಕ್ಕಿಂತ ಕಿರಿದಾದ, ಅದೇ ಕುಲದ ಮೃಗವೊಂದಕ್ಕೆ ಕೊಯೊಟಿ ಎಂದು ಹೆಸರು. ಇದು ಮೆಕ್ಸಿಕೋದ ನಾವಾಟಲ್ ಭಾಷೆಯಿಂದ ಸ್ಪಾನಿಷಿನ ಮೂಲಕ ಬಂದ ಶಬ್ದ. 1823ರಲ್ಲಿ ಥಾಮಸ್ ಸೇ ಎಂಬ ಪ್ರಾಣಿಶಾಸ್ತ್ರಜ್ಞನು ಇದಕ್ಕೆ 'ಬೊಗಳುವ ನಾಯಿ' ಎಂಬರ್ಥದ ಲ್ಯಾಟಿನ್ ನಾಮವನ್ನಿತ್ತನು.

ಚಳಿಯಲ್ಲಿ ಇದರ ತುಪ್ಪುಳು ದಟ್ಟವಾಗುವುದರಿಂದ ಆ ಋತುವಿನಲ್ಲಿಯೇ ಬೇಟೆಗಾರರು ಹಲವು ಮೈಲಿಗಳುದ್ದಕ್ಕೆ ಉಕ್ಕಿನ ಬೋನುಗಳನ್ನು ಸಾಲಾಗಿ ಹೂಳುವರು. ಮನುಷ್ಯಗಂಧವು ತಿಳಿಯದಂತೆ ಬೋನನ್ನು ಮರದ ತೊಗಟೆಯೊಡನೆ ಕುದಿಸಿ, ಕೈಗವಸು ತೊಟ್ಟು, ನುಣ್ಣನೆಯ ಮಣ್ಣಿನಿಂದ ಮುಚ್ಚುವರು. ಬಳಿಯಲ್ಲಿ ಆ ಮೃಗದ ಮೂತ್ರವನ್ನೇ ಚಿಮುಕಿಸುವರು. ಸಾಲು ನೀಳವಾದಷ್ಟೂ ಅದನ್ನು ಸುತ್ತಿ ನೋಡುವ ಹೊಣೆಯು ಹೆಚ್ಚುವುದು. ತಡವಾದರೆ ಸಿಕ್ಕ ಪ್ರಾಣಿಯು ನರಳುವುದು.

ಕುರಿದನಗಳ ರಕ್ಷಣೆಗಾಗಿ ಸರಕಾರವೂ ಈ ಕಾರ್ಯಕ್ಕಿಳಿಯಿತು. 1915ರಲ್ಲಿ ಅಮೆರಿಕದ ಕಾಂಗ್ರೆಸ್ ಸಭೆಯು ತೋಳ, ಕೊಯೊಟಿ ಮೊದಲಾದವುಗಳ ಸಂಹಾರಕ್ಕೆ 1,25,000 ಡಾಲರುಗಳನ್ನು ಮಂಜೂರು ಮಾಡಿತು. 1931ರಲ್ಲಿ ಅದಕ್ಕೆಂದೇ ಕಾಯಿದೆಯೊಂದು ಹುಟ್ಟಿತು. ಬೋನಿನೊಡನೆ ವಿಷವೂ ಸೇರಿತು. 1972ರಲ್ಲಿ ಅಧ್ಯಕ್ಷ ನಿಕ್ಸನ್ನನು ಸರಕಾರೀ ಭೂಮಿಯಲ್ಲಿ ಆ ವಿಷಪ್ರಯೋಗವನ್ನು ತಡೆದನು.

ಇದರ ಫಲವೇನಾಯಿತು? ತೋಳವು ಆ ದೇಶದ ಬಹುಭಾಗದಲ್ಲಿ ಅಳಿಯಿತು. ಕೊಯೊಟಿಯಾದರೋ ಪಶ್ಚಿಮದ ಬಯಲನ್ನು ದಾಟಿ ಅಟ್ಲಾಂಟಿಕ್ ತೀರದವರೆಗೆ ಹಬ್ಬಿತು. ಪ್ರಬಲ ಶತ್ರುವಾದ ತೋಳವು ತೊಲಗಿದುದೇ ಇದಕ್ಕೊಂದು ಕಾರಣ. ಸಂಹಾರಕ್ಕೆಂದು ಹೂಡಿದ ಯತ್ನವೇ ವೃದ್ಧಿಗೆ ದಾರಿಮಾಡಿಕೊಟ್ಟಿತೆಂಬುದು ಈ ಚರಿತ್ರೆಯ ಸಾರ.