‘ಏಮ್‌ಲೆಸ್‌ಲಿ’ ಎಂಬ ಪದದ ಪೂರ್ವೋತ್ತರ

ಇಂಗ್ಲಿಷಿನ ‘ಏಮ್‌ಲೆಸ್‌ಲಿ’ ಎಂಬ ಕ್ರಿಯಾವಿಶೇಷಣಕ್ಕೆ ‘ಗೊತ್ತುಗುರಿಯಿಲ್ಲದೆ’ ಎಂದು ಅರ್ಥ ಹೇಳುವುದು ವಾಡಿಕೆ. ಅರ್ಥವೇನೋ ಸರಿಯಾದುದೇ, ಆದರೆ ಪದವನ್ನು ಬಿಡಿಸಿ ನೋಡಿದಲ್ಲಿ ಅದರೊಳಗೆ ಮೊದಲು ದೊರೆಯುವುದು ಗುರಿಯಲ್ಲ, ಎಣಿಕೆ.

‘ಏಮ್’ ಎಂಬುದು ಇಂಗ್ಲೆಂಡಿನ ನೆಲದಲ್ಲಿ ಹುಟ್ಟಿದ ಪದವಲ್ಲ. ಬೆಲೆಕಟ್ಟು, ಮತಿಸು ಎಂಬರ್ಥದ ‘ಏಸ್ಟಿಮಾರೆ’ ಎಂಬ ಲ್ಯಾಟಿನ್ ಕ್ರಿಯಾಪದವು ಪ್ರಾಚೀನ ಫ್ರೆಂಚಿನಲ್ಲಿ ಸವೆದು ‘ಎಸ್ಮೆರ್’ ಎಂದಾಯಿತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಜಯಿಸಿದ ತರುವಾಯ ಫ್ರೆಂಚ್ ಭಾಷೆಯು ಆಸ್ಥಾನವನ್ನೂ ನ್ಯಾಯಸ್ಥಾನವನ್ನೂ ಹೊಕ್ಕಿತು. ಆ ಸಂಸರ್ಗದಿಂದ ಬಂದ ಸಾವಿರಾರು ಪದಗಳಲ್ಲಿ ಇದೂ ಒಂದು. 14ನೆಯ ಶತಮಾನದ ಇಂಗ್ಲಿಷಿನಲ್ಲಿ ಈ ಪದಕ್ಕೆ ಅಂದಾಜು ಮಾಡು, ಊಹಿಸು ಎಂಬ ಅರ್ಥಗಳಿದ್ದುವು. ಬಿಲ್ಲುಗಾರನು ಬಾಣವನ್ನು ಬಿಡುವ ಮೊದಲು ದೂರವನ್ನೂ ಗಾಳಿಯನ್ನೂ ಮನಸ್ಸಿನಲ್ಲಿಯೇ ಅಳೆಯಬೇಕಷ್ಟೆ. ಆ ಅಳತೆಯ ಹೆಸರೇ ಕ್ರಮೇಣ ಬಾಣದ ಗುರಿಗೂ, ಅಲ್ಲಿಂದ ಮನುಷ್ಯನ ಉದ್ದೇಶಕ್ಕೂ ಸಂದಿತು. ಲೆಕ್ಕಪತ್ರಗಳ ‘ಎಸ್ಟಿಮೇಟ್’, ಗೌರವಾರ್ಥದ ‘ಎಸ್ಟೀಮ್’ ಇವೆರಡೂ ಅದೇ ಲ್ಯಾಟಿನ್ ಮೂಲದ ದಾಯಾದಿಗಳು.

ಉಳಿದ ಎರಡು ಭಾಗಗಳು ಮಾತ್ರ ಆ ನಾಡಿನ ಹಳೆಯ ಸ್ವತ್ತು. ಇಲ್ಲಿಯ ‘ಲೆಸ್’ ಎಂಬುದನ್ನು ‘ಕಡಮೆ’ ಎಂಬರ್ಥದ ಪದವೆಂದು ಭ್ರಮಿಸುವವರುಂಟು. ಅದು ಸರಿಯಲ್ಲ. ‘ಬಿಡುಗಡೆಯಾದ’, ‘ಇಲ್ಲದ’ ಎಂಬರ್ಥದ ಬೇರೊಂದು ಪ್ರಾಚೀನ ಪದವೇ ಈ ಪ್ರತ್ಯಯಕ್ಕೆ ಮೂಲ. ಸಡಿಲವೆಂಬರ್ಥದ ‘ಲೂಸ್’ ಅದರ ಬಳಗದ್ದು. ಕೊನೆಯ ‘ಲಿ’ಯ ಮೂಲವಾದ ‘ಲೀಚ್’ ಎಂದರೆ ದೇಹ. ಅದೇ ಪದ ಶವಕ್ಕೂ ಸಲ್ಲುತ್ತಿತ್ತು. ಶವವನ್ನು ಹೊತ್ತು ತಂದವರು ಇಳಿಸಿ ಕಾಯುತ್ತಿದ್ದ ಇಗರ್ಜಿಯ ಹೊರಬಾಗಿಲಿಗೆ ‘ಲಿಚ್‌ಗೇಟ್’ ಎಂಬ ಹೆಸರು ಉಳಿದಿರುವುದು ಇದರಿಂದಲೇ. ದೇಹವೆಂಬುದು ಆಕಾರವಾಗಿ, ಆಕಾರವು ರೀತಿಯಾಗಿ, ಕಡೆಗೆ ಕನ್ನಡದ ‘ಆಗಿ’ಯಂತೆ ಬರಿಯ ಪ್ರತ್ಯಯವಾಗಿ ನಿಂತಿತು.

ಹೀಗೆ ಬಿಡಿಸಿದ ಪದಕ್ಕೆ ‘ಎಣಿಕೆಯನ್ನು ಕಳಚಿಕೊಂಡ ರೀತಿಯಲ್ಲಿ’ ಎಂಬ ಮೂಲಾರ್ಥವು ಲಭಿಸುತ್ತದೆ. ಪದದ ಇಂದಿನ ಅರ್ಥವನ್ನು ಅದರ ಮೂಲವೇ ನಿರ್ಣಯಿಸಬೇಕೆಂಬ ನಿಯಮವಿಲ್ಲ. ಆದರೂ ಮೂಲವು ಒಂದು ವಿವೇಕವನ್ನು ಕಾಪಾಡಿಕೊಂಡಿದೆ. ಸಂಸ್ಕೃತದ ‘ಲಕ್ಷ್ಯ’ವೂ ನೋಡು, ಗುರುತಿಸು ಎಂಬರ್ಥದ ಧಾತುವಿನಿಂದ ಬಂದುದು, ಕನ್ನಡದಲ್ಲಿ ಅದು ಗುರಿಯೂ ಹೌದು, ಗಮನವೂ ಹೌದು. ‘ಗೊತ್ತುಗುರಿ’ ಎಂಬ ಜೋಡುನುಡಿಯಲ್ಲಿಯೂ ತಿಳಿವು ಮೊದಲು, ಗುರಿ ಆಮೇಲೆ. ದೂರದ ಗುರಿಯೊಂದನ್ನು ಹೆಸರಿಸಿದ ಮಾತ್ರಕ್ಕೆ ಯಾರ ಅಲೆದಾಟವೂ ನಿಲ್ಲುವುದಿಲ್ಲ. ನಿಂತ ನೆಲವನ್ನೂ ನಡೆಯಬೇಕಾದ ದೂರವನ್ನೂ ಅಳೆದುಕೊಳ್ಳದವನು ಗುರಿಯಿದ್ದೂ ದಾರಿತಪ್ಪಿದವನೇ.